ನೆಲೆ ಹನ್ನೆರಡು, ಓರೆ ಅರ್ಧ

ಫೆಬ್ರುವರಿ ೩

ಪ್ರಾತಃಕಾಲದ ಪ್ರಾರ್ಥನೆ ಮುಗಿಸಿ ಈ ಪುಸ್ತಕವನ್ನು ತೆರೆದಿದ್ದೇನೆ. ನಲವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕುಳಿತು ಅನ್ಯರ ಬರಹದ ಕರಡು ತಿದ್ದಿದ ಕೈಗೆ, ತನ್ನದೇ ಆದ ಪುಟವೊಂದಿರಲಿ ಎಂಬುದಷ್ಟೇ ಇದರ ಉದ್ದೇಶ.

ಲಿಫ್ಟನ್ನು ನಿಲ್ಲಿಸಿ ಇಂದಿಗೆ ಒಂಬತ್ತು ದಿನ. ಅದು ಇಳಿಯುವ ಬಾವಿಯ ಪಕ್ಕದ ಗೋಡೆ ಬಿರುಕು ಬಿಟ್ಟಿದೆಯಂತೆ. ನಾವಿರುವುದು ನಾಲ್ಕನೆಯ ಅಂತಸ್ತು. ನೆಲಕ್ಕೂ ನಮಗೂ ನಡುವೆ ಎಪ್ಪತ್ತಾರು ಮೆಟ್ಟಿಲು. ನನ್ನ ಎಡಮೊಣಕಾಲು ಹತ್ತನೆಯ ಮೆಟ್ಟಿಲಿಗೇ ಮುಷ್ಕರ ಹೂಡುತ್ತದೆ. ಅಕ್ಕನಾದರೋ ಮೂರು ವರ್ಷದಿಂದ ಹಾಸಿಗೆಯನ್ನು ಬಿಟ್ಟೆದ್ದವಳಲ್ಲ. ನನಗೆ ಎಪ್ಪತ್ಮೂರು, ಅವಳಿಗೆ ಎಂಬತ್ತೊಂದು. ಹೀಗಾಗಿ ಈ ಕಟ್ಟಡದಲ್ಲಿ ಹಗಲೆಲ್ಲ ಮನೆಯಲ್ಲೇ ಇರುವವನೆಂಬ ಅರ್ಹತೆ ನನಗೆ ಪ್ರಾಪ್ತವಾಗಿ, ಅದರೊಡನೆ ಒಂದು ಕೆಲಸವೂ ಪ್ರಾಪ್ತವಾಯಿತು.

ಬೆಳಿಗ್ಗೆ ಇಂಜಿನಿಯರ್ ಬಂದಿದ್ದಳು. ಮೂವತ್ತರ ಒಳಗಿನ ಹೆಣ್ಣು; ತಲೆಯ ಮೇಲೆ ಹಳದಿ ಟೋಪಿ, ಕಿವಿಯ ಹಿಂದೆ ಪೆನ್ಸಿಲು. ಎರಡು ಬಿರುಕುಗಳಿಗೆ ಅಡ್ಡಲಾಗಿ ಎರಡು ಪಾರದರ್ಶಕ ಅಳತೆಪಟ್ಟಿಗಳನ್ನು ಅಂಟಿಸಿದಳು. ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗೆ ಒಂದು ಗೆರೆ. ಮೊದಲನೆಯದು ನಮ್ಮ ನಡುಮನೆಯಲ್ಲಿ, ದೇವರ ಗೂಡಿನ ನೆತ್ತಿಯಿಂದ ಇಳಿದಿರುವ ದೊಡ್ಡ ಬಿರುಕು. ನಾನು ವರ್ಷಗಟ್ಟಲೆ ಕಂಡು ಹೆದರಿದ್ದು. ಅದರ ಅಗಲ ತೊಂಬತ್ತು ಗೆರೆ. ಎರಡನೆಯದು ಬಾಗಿಲ ಹೊರಗೆ, ಮೆಟ್ಟಿಲ ಕಟ್ಟೆಯ ಮೇಲೆ, ಲಿಫ್ಟಿನ ಪಕ್ಕದ ಗೋಡೆಯಲ್ಲಿ. ದಪ್ಪ ದಾರದಷ್ಟು ಅಗಲ. ಹನ್ನೆರಡು ಗೆರೆ.

"ದೊಡ್ಡದಕ್ಕೆ ಹೆದರ್ಬೇಡಿ ಸರ್. ಅದು ಹಳೇದು, ಸುಮ್ಮನೆ ಬಾಯಿ ಬಿಟ್ಕೊಂಡು ಮಲಗಿದೆ. ಈ ಚಿಕ್ಕದು ನೋಡಿ, ಇದು ನನಗೆ ಸರಿ ಕಾಣ್ತಿಲ್ಲ."

"ತಾಯೀ, ಹಾವು ದೊಡ್ಡದೋ, ಹುಳ ದೊಡ್ಡದೋ?"

"ಹಾವು ಸತ್ತಿದ್ರೆ ಹುಳಾನೇ ದೊಡ್ಡದು ಸರ್."

ದಿನ ಬಿಟ್ಟು ದಿನ ಬೆಳಿಗ್ಗೆ ಏಳಕ್ಕೆ ಪಟ್ಟಿಯ ಎದುರು ನೆಟ್ಟಗೆ ನಿಂತು, ಒಂದು ಕಣ್ಣು ಮುಚ್ಚಿ ಗೆರೆಗಳನ್ನು ಎಣಿಸಬೇಕು. ಓರೆಯಾಗಿ ನಿಂತರೆ ಒಂದು ಗೆರೆ ಹೆಚ್ಚಾಗಿಯೋ ಕಡಿಮೆಯಾಗಿಯೋ ಕಾಣುವುದಂತೆ. ಚೌಕಳಿಯ ಹಾಳೆಯೊಂದನ್ನು ಕೊಟ್ಟು, ಅಡ್ಡಕ್ಕೆ ದಿನ, ಉದ್ದಕ್ಕೆ ಗೆರೆ ಎಂದು ತೋರಿಸಿ, ಚುಕ್ಕೆ ಇಡುವುದನ್ನು ಕಲಿಸಿದಳು. ಹೊರಡುವಾಗ ಹೇಳಿದ್ದು: "ಎರಡು ಸಲ ಮೇಲಿಂದ ಮೇಲೆ ಎರಡೆರಡು ಗೆರೆ ಏರಿದ್ರೆ, ಅವತ್ತೇ ಫೋನ್ ಮಾಡಿ. ಅವತ್ತೇ ಎಲ್ಲರೂ ಇಳೀಬೇಕು. ಏನು ಕಾಣುತ್ತೋ ಅದನ್ನೇ ಬರೀರಿ ಸರ್, ಅಷ್ಟೇ."

ಹಾಳೆಯ ತಲೆಯಲ್ಲಿ ಅವಳು ಗೀಚಿದ್ದ ಶೀರ್ಷಿಕೆಯಲ್ಲಿ ಎರಡು ತಪ್ಪುಗಳಿದ್ದವು. ಅವಳು ಹೋದ ಬಳಿಕ ಕೆಂಪು ಶಾಯಿಯಿಂದ ತಿದ್ದಿಟ್ಟೆ.

ಫೆಬ್ರುವರಿ ೭

ಚಿಕ್ಕದು: ಮೊನ್ನೆ ೧೩, ಇಂದು ೧೪. ದೊಡ್ಡದು: ೯೦, ೯೦.

ಇಂಜಿನಿಯರಳಿಗೆ ದೂರವಾಣಿಯಲ್ಲಿ ಒಪ್ಪಿಸಿದೆ. ಅವಳು ಅದನ್ನು ಒಂದು ಸಮೀಕರಣವನ್ನಾಗಿ ಮಾಡಿ ನನಗೇ ಮರಳಿಸಿದಳು. "ಶುರುವಿಂದ ಎಷ್ಟು ದಿನ ಆಯ್ತೋ ಅದರ ಅರ್ಧಕ್ಕೆ ಹನ್ನೆರಡು ಕೂಡಿಸಿ ಸರ್, ಚಿಕ್ಕ ಬಿರುಕು ಎಷ್ಟಿದೆ ಅಂತ ಬರುತ್ತೆ. ಹನ್ನೆರಡು ಇಂಟರ್‌ಸೆಪ್ಟು, ಅರ್ಧ ಸ್ಲೋಪು. ದೊಡ್ಡದಕ್ಕೆ ಇಂಟರ್‌ಸೆಪ್ಟು ತೊಂಬತ್ತು, ಸ್ಲೋಪು ಸೊನ್ನೆ."

ಏರುವ ಗೆರೆಗೂ ಪಠ್ಯಪುಸ್ತಕದವರು ಇಳಿಜಾರು ಎನ್ನುವುದು ನನ್ನ ಕಿವಿಗೆ ಒಗ್ಗದು. ನನ್ನ ಬಳಕೆಗೆಂದು ಎರಡು ಶಬ್ದಗಳನ್ನು ಇಟ್ಟುಕೊಂಡಿದ್ದೇನೆ. ಗೆರೆ ಎಲ್ಲಿಂದ ಹೊರಡುತ್ತದೆಯೋ ಅದು ನೆಲೆ. ಎಷ್ಟು ಕಡಿದಾಗಿ ಏರುತ್ತದೆಯೋ ಅದು ಓರೆ. ದೊಡ್ಡ ಬಿರುಕಿನ ನೆಲೆ ಎತ್ತರ, ಓರೆ ಶೂನ್ಯ. ಹಾಳೆಯ ಮೇಲೆ ಅದು ಮಲಗಿದ ಗೆರೆ. ಚಿಕ್ಕದರ ನೆಲೆ ತಗ್ಗು, ಆದರೆ ಓರೆಯುಂಟು. ಓರೆಯುಳ್ಳದ್ದು ಓರೆಯಿಲ್ಲದ್ದನ್ನು ಎಂದಾದರೊಂದು ದಿನ ಮುಟ್ಟಿಯೇ ತೀರುತ್ತದೆ. ಲೆಕ್ಕ ಹಾಕಿದೆ: ನೂರೈವತ್ತಾರನೆಯ ದಿನ, ಅಂದರೆ ಜುಲೈ ಒಂಬತ್ತು. ಏಪ್ರಿಲಿನಲ್ಲಿ ಉಕ್ಕಿನ ಊರುಗೋಲುಗಳು ಬಂದು ಗೋಡೆಯನ್ನು ಹಿಡಿಯುತ್ತವೆಯಂತೆ. ಅಲ್ಲಿಯವರೆಗೆ ಭಗವಂತ ಹಿಡಿದುಕೊಂಡಾನು.

ಅಕ್ಕನಿಗೆ ವಿವರಿಸಿದೆ. ನಕ್ಕಳು. "ಅಂದ್ರೆ ನಾನೂ ನೀನೂ? ಇಬ್ಬರಿಗೂ ವರ್ಷಕ್ಕೆ ಒಂದೇ ವರ್ಷ ಏರೋದು. ನಾನು ಎಂಟು ಮುಂದೆ ಹೊರಟಿದೀನಿ. ನೀನು ತಲೆಕೆಳಗಾಗಿ ನಿಂತ್ರೂ ನನ್ನ ಹಿಡಿಯೋಕಾಗಲ್ಲ ಪುಟ್ಟ."

ಎಪ್ಪತ್ಮೂರರ ಮುದುಕನನ್ನು ಪುಟ್ಟ ಎನ್ನುವ ಹಕ್ಕು ಈ ಭೂಮಿಯ ಮೇಲೆ ಈಗ ಒಬ್ಬಳಿಗೆ ಮಾತ್ರ ಉಳಿದಿದೆ.

ಫೆಬ್ರುವರಿ ೯

ಚಿಕ್ಕದು ೧೫. ದೊಡ್ಡದು ೯೦.

ಯಥಾರ್ಥವಾಗಿ ಹೇಳುವುದಾದರೆ ಕಣ್ಣಿಗೆ ಕಂಡದ್ದು ಹದಿನಾಲ್ಕು. ಆದರೆ ಕ್ರಮದ ಪ್ರಕಾರ ಇಂದು ಹದಿನೈದಾಗಬೇಕು. ಮಂದಬೆಳಕು, ಕನ್ನಡಕದ ಮೇಲೆ ಆವಿ. ಸಾಲು ಸರಿಯಾಗಿದ್ದು ಒಂದಕ್ಷರ ಹಾರಿದ್ದರೆ ಕರಡು ತಿದ್ದುವವನು ಅದು ಅಚ್ಚಿನ ಮೊಳೆ ಜೋಡಿಸುವವನ ಕೈತಪ್ಪೆಂದು ಅರಿತು ತುಂಬುತ್ತಾನೆ; ಲೇಖಕನಿಗೆ ಕಾಗದ ಬರೆದು ಕೇಳುತ್ತ ಕೂರುವುದಿಲ್ಲ. ಹದಿನೈದೆಂದು ಚುಕ್ಕೆಯಿಟ್ಟೆ. ಗೆರೆ ನೇರವಾಗಿ ಕೂತಿತು, ಮನಸ್ಸಿಗೆ ಹಿತವಾಯಿತು.

ಫೆಬ್ರುವರಿ ೧೨

ಅಕ್ಕನ ಮಗಳು ಫೋನಿನಲ್ಲಿ ಮಾತನಾಡಿದಳು. ರೈಲಿನಲ್ಲಿ ಏಳು ತಾಸಿನ ದೂರದಲ್ಲಿರುವವಳು. ಕಟ್ಟಡದ ಸುದ್ದಿ ಅವಳಿಗೂ ಮುಟ್ಟಿದೆ.

"ಮಾವ, ಮುಚ್ಚಿಬಿಟ್ರೆ ಮುಂದೇನು ಅಂತ ಯೋಚನೆ ಮಾಡಿದೀರಾ? ಅಮ್ಮನ್ನ ನಾನು ಕರ್ಕೊಂಡು ಬರ್ತೀನಿ. ನಮ್ಮನೇಲಿ ಒಂದು ಮಂಚಕ್ಕೆ ಜಾಗ ಇದೆ. ನಿಮಗೂ ಒಂದು ಒಳ್ಳೇ ಜಾಗ ವಿಚಾರಿಸಿಟ್ಟಿದೀನಿ, ಹಿರಿಯರ ವಸತಿ. ಅಲ್ಲೇ ನಿಮ್ಮೂರಲ್ಲೇ. ಊಟ, ಡಾಕ್ಟ್ರು, ಎಲ್ಲಾ ಇದೆ."

"ಒಂದು ಮಂಚಕ್ಕೆ" ಎಂದಳು. ಅವಳದು ತಪ್ಪಿಲ್ಲ, ಗೋಡೆಗಳನ್ನು ಹಿಗ್ಗಿಸಲು ಯಾರಿಂದ ಸಾಧ್ಯ? ನಾಲ್ಕೂ ದಿಕ್ಕಿಗೆ ಹಿಗ್ಗುತ್ತಿರುವುದು ನಮ್ಮ ಗೋಡೆ ಮಾತ್ರ.

ಹದಿನೆಂಟು ವರ್ಷದ ಹಿಂದೆ, ಭಾವ ತೀರಿಕೊಂಡ ತಿಂಗಳಲ್ಲಿ, ಒಂದು ಪೆಟ್ಟಿಗೆ ಹಿಡಿದು ಅಕ್ಕ ಈ ಬಾಗಿಲಿಗೆ ಬಂದವಳು. ನಾನು ಮದುವೆಯಾದವನಲ್ಲ. ನನಗೆ ಅಕ್ಷರ ತಿದ್ದಿಸಿದ ಕೈ ಅದು. ಆಕೆಯ ದಿಂಬನ್ನು ಮಗ್ಗುಲಾಗಿಸುವುದು, ತುಟಿಗೆ ನೀರು ಹಿಡಿಯುವುದು, ಸಂಜೆ ಅರ್ಧ ಅಧ್ಯಾಯ ಓದಿ ಹೇಳುವುದು: ಇಷ್ಟೇ ನನ್ನ ಪೂಜೆಯ ಉತ್ತರಾರ್ಧ. ಪ್ರಾರ್ಥನೆಯೂ ಈ ಸೇವೆಯೂ ಒಂದೇ ಸೂರಿನಡಿ ನಡೆಯಬೇಕು, ಬೇರೆ ಬೇರೆಯಾಗಿ ಅಲ್ಲ ಎಂದು ಇಂದು ಬೇಡಿಕೊಂಡೆ. ಅಕ್ಕನಿಗೆ ಈ ಮಾತಾವುದನ್ನೂ ತಿಳಿಸಲಿಲ್ಲ.

ಫೆಬ್ರುವರಿ ೧೫

ಚಿಕ್ಕದು ೧೮. ದೊಡ್ಡದು ೯೦.

ಇಪ್ಪತ್ತೊಂದು ದಿನವಾಯಿತು, ನಾನು ಮಣ್ಣು ಮೆಟ್ಟಿಲ್ಲ. ಈ ಮನೆಯ ಉದ್ದ ಹದಿನಾಲ್ಕು ಹೆಜ್ಜೆ, ಅಗಲ ಒಂಬತ್ತು. ಹದಿನಾಲ್ಕನೆಯ ಹೆಜ್ಜೆಗೆ ಅಡಿಗೆಮನೆಯ ಕಿಟಕಿ. ಅದರಾಚೆ ಎದುರು ಕಟ್ಟಡದ ಬೆನ್ನು, ನೀರಿನ ಕೊಳವೆ, ಯಾರೋ ಒಣಗಹಾಕಿ ಮರೆತ ನೀಲಿ ಅಂಗಿ. ಆ ಅಂಗಿಯ ತೋಳು ಗಾಳಿಗೆ ಎದ್ದರೆ ನಾನೂ ಎದ್ದುನಿಲ್ಲುತ್ತೇನೆ. ಇತರ ಮನೆಗಳವರು ಬೆಳಿಗ್ಗೆ ದಡದಡನೆ ಇಳಿದು ಹೋಗುತ್ತಾರೆ. ಸಂಜೆ ಏದುಸಿರಿನಲ್ಲಿ ಏರಿ ಬರುತ್ತಾರೆ. ಮೆಟ್ಟಿಲಿನ ಸದ್ದಿನಿಂದಲೇ ಮನುಷ್ಯರನ್ನು ಗುರುತಿಸುವ ವಿದ್ಯೆ ನನಗೆ ಸಿದ್ಧಿಸಿದೆ.

ಮೂರನೆಯ ಅಂತಸ್ತಿನ ದರ್ಜಿ ಹಾಲು, ಬ್ರೆಡ್ಡು, ಅಕ್ಕನ ಮಾತ್ರೆ ತಂದುಕೊಡುತ್ತಾನೆ. ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಕತ್ತರಿ.

"ಏನು ಯಜಮಾನ್ರೇ, ಗೋಡೆ ಮುಂದೆ ಒಂಟಿ ಕಣ್ಣಲ್ಲಿ ನಿಂತಿರ್ತೀರಿ, ಕಣ್ಣು ಹೊಡೀತೀರೋ ಹೇಗೆ? ಅದಕ್ಕೇ ಅದು ನಾಚ್ಕೊಂಡು ಬಿರಿಯೋದು!"

"ಹದಿನೆಂಟು ಗೆರೆ. ಕ್ರಮ ತಪ್ಪಿಲ್ಲ."

"ಹಂಗಾದ್ರೆ ಕೂತು ಹೊಲೀಬಹುದು ಅನ್ನಿ. ನೀವು ಹೂಂ ಅಂದ್ರೆ ಸಾಕು, ನಮ್ಮ ಹೆಣ್ಣುಮಕ್ಕಳು ಧೈರ್ಯವಾಗಿ ಮೆಷಿನ್ ತುಳೀತಾರೆ."

ಅವನ ಹೊಲಿಗೆಕೋಣೆ ನಮ್ಮ ಮೆಟ್ಟಿಲಕಟ್ಟೆಯ ನೇರ ಕೆಳಗೆ. ಆ ಗೋಡೆಗೇ ಬೆನ್ನು ಕೊಟ್ಟು ನಾಲ್ಕು ಹೆಂಗಸರು ಕೂರುತ್ತಾರೆ. ಹೂಂ ಎಂದೆ.

ಫೆಬ್ರುವರಿ ೧೭

ಚಿಕ್ಕದು ೧೯. ದೊಡ್ಡದು ೯೦. ಉಳಿದಂತೆ ನಿನ್ನೆಯ ಹಾಗೆ. ನಿನ್ನೆ ಮೊನ್ನೆಯ ಹಾಗೆ.

ಫೆಬ್ರುವರಿ ೧೯

ಏಳಕ್ಕೆ ನಿಂತೆ. ಇಪ್ಪತ್ತಾಗಬೇಕಿತ್ತು. ಇಪ್ಪತ್ತೊಂದು ಕಂಡಿತು.

ಕನ್ನಡಕ ಒರೆಸಿದೆ. ಇಪ್ಪತ್ತೊಂದು. ತಲೆಯನ್ನು ತುಸು ಬಲಕ್ಕೆ ವಾಲಿಸಿದೆ, ಇಪ್ಪತ್ತು. ನೆಟ್ಟಗೆ ನಿಂತದ್ದು ಮೊದಲೋ ಆಮೇಲೋ ಎಂಬುದು ಊರುಗೋಲಿನ ಮೇಲೆ ನಿಲ್ಲುವವನಿಗೆ ಹೇಗೆ ತಿಳಿಯಬೇಕು? ಕಂಡದ್ದೆಲ್ಲ ಪ್ರಮಾಣವಲ್ಲ, ಹಗ್ಗವನ್ನು ಹಾವೆಂದು ಕಾಣುವುದೂ ಇದೇ ಕಣ್ಣು. ಚುಕ್ಕೆಯನ್ನು ಇಪ್ಪತ್ತರಲ್ಲಿ ಇಟ್ಟೆ.

ಫೆಬ್ರುವರಿ ೨೦

ಸಮಾಧಾನವಾಗದೆ ಇಂಜಿನಿಯರಳಿಗೆ ಫೋನು ಮಾಡಿ, ಹೀಗೆಯೇ ಶಾಸ್ತ್ರಜಿಜ್ಞಾಸೆಗಾಗಿ ಎಂಬಂತೆ ಕೇಳಿದೆ: ಅಂಟು ಸಡಿಲಿ ಪಟ್ಟಿಯೇ ಜಾರುವುದುಂಟೇ?

"ಉಂಟು ಸರ್. ಹಾಗಾದ್ರೆ ಒಂದು ಸಲ ಮಾತ್ರ ಹಾರುತ್ತೆ, ಆಮೇಲೆ ಮತ್ತೆ ಮೊದಲಿನ ಹಾಗೇ ಏರುತ್ತೆ. ಇಂಟರ್‌ಸೆಪ್ಟ್ ಬದಲಾಗುತ್ತೆ, ಸ್ಲೋಪ್ ಬದಲಾಗಲ್ಲ. ಎರಡು ಗೆರೆ ಎಳೆದ್ರೆ ರೈಲು ಕಂಬಿ ಥರ ಪಕ್ಕಪಕ್ಕ ಹೋಗುತ್ತೆ. ಯಾಕೆ ಸರ್, ಏನಾದ್ರೂ ಕಂಡ್ತಾ?"

"ಇಲ್ಲ ತಾಯಿ, ಸುಮ್ಮನೆ ಕೇಳಿದೆ."

ಪಟ್ಟಿ ಜಾರಿದೆ. ನೆಲೆ ಹದಿಮೂರಾಗಿದೆ, ಓರೆ ಅರ್ಧವೇ ಉಳಿದಿದೆ. ಹಾಗಿದ್ದರೆ ನಾಳೆ ಇಪ್ಪತ್ತೆರಡು ಕಾಣಬೇಕು.

ಫೆಬ್ರುವರಿ ೨೧

ಇಪ್ಪತ್ಮೂರು ಕಂಡಿತು. ಇಪ್ಪತ್ತೊಂದು ಬರೆದೆ. ಸಂಜೆಯ ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಒಂದೇ ಸಾಲನ್ನು ಮೂರು ಸಲ ಹೇಳಿದೆ.

ಫೆಬ್ರುವರಿ ೨೨

ಮಧ್ಯಾಹ್ನ ಕೆಳಗಿನಿಂದ ಧೊಪ್ಪೆಂಬ ಸದ್ದು, ಹೆಂಗಸರ ಕೂಗು. ಆಮೇಲೆ ನಗು ಕೇಳಿಸಿತು. ಸಂಜೆ ದರ್ಜಿ ಹಾಲು ತಂದಾಗ ಅವನ ಮೀಸೆಯ ಮೇಲೆ ಬಿಳಿಯ ಧೂಳು.

"ತಟ್ಟೆಯಷ್ಟು ಗಾರೆ ಬಿತ್ತು ಯಜಮಾನ್ರೇ, ಕತ್ತರಿಸೋ ಮೇಜಿನ ಮೇಲೆ. ಒಬ್ಬಳು ಆಗ ತಾನೇ ನೀರು ಕುಡಿಯೋಕೆ ಎದ್ದಿದ್ಲು. ಅವಳ ಬಾಯಾರಿಕೆಗೆ ನಾವೆಲ್ಲಾ ಕೈ ಮುಗೀಬೇಕು. ನಿಮ್ಮ ಗೆರೆ ಏನನ್ನುತ್ತೆ?"

"ನಿನ್ನೆ ಇಪ್ಪತ್ತೊಂದು" ಎಂದೆ.

"ಅಂದ್ರೆ ಕ್ರಮ ತಪ್ಪಿಲ್ಲ."

"ತಪ್ಪಿಲ್ಲ."

"ಹಂಗಾದ್ರೆ ಹಳೇ ಗಾರೆ, ಬಿತ್ತು, ಅಷ್ಟೇ," ಎಂದು ನಿಶ್ಚಿಂತೆಯಿಂದ ಇಳಿದುಹೋದ. ಅವನ ಹೆಜ್ಜೆಗಳನ್ನು ಕೊನೆಯವರೆಗೂ ಎಣಿಸಿದೆ. ಹತ್ತೊಂಬತ್ತು.

ಫೆಬ್ರುವರಿ ೨೩

೨೨. ೯೦.

ಫೆಬ್ರುವರಿ ೨೪

ಇಂದಿನದನ್ನು ಆದಿಯಿಂದ ಬರೆಯಬೇಕು. ಈಗ ಕುಳಿತಿರುವುದು ಎರಡು ಬೀದಿಯಾಚೆಯ ಒಂದು ಶಾಲೆಯ ಪಡಸಾಲೆಯಲ್ಲಿ, ಮಕ್ಕಳ ಬೆಂಚಿನ ಮೇಲೆ. ಹೊರಗೆ ಇನ್ನೂ ಬಿಸಿಲಿದೆ.

ಬೆಳಿಗ್ಗೆ ಅಕ್ಕನ ಮುಖ ತೊಳೆಸುತ್ತಿದ್ದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಒಂದೇ ಕೆನ್ನೆ ಎಷ್ಟು ಸಲ ಒರೆಸ್ತೀಯೋ? ಆ ಹಾಳೆ ತಾ ಇಲ್ಲಿ."

"ಯಾವ ಹಾಳೆ?"

"ನನ್ನ ಮದುವೆ ಓಲೆ! ಯಾವ ಹಾಳೆ ಅಂತ ಕೇಳ್ತಾನೆ. ಚುಕ್ಕೆ ಇಡ್ತೀಯಲ್ಲ, ಅದು."

ತಂದುಕೊಟ್ಟೆ. ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಬೆರಳನ್ನು ಚುಕ್ಕೆಗಳ ಮೇಲೆ ಹರಿಸಿದಳು.

"ದಾರ ಹಿಡಿದು ಎಳೆದ ಹಾಗಿದೆ."

"ನೇರವಾಗಿದೆ."

"ಅದನ್ನೇ ಹೇಳ್ತಿರೋದು. ಬಿರಿಯೋ ಗೋಡೆಗೆ ಇಷ್ಟು ಶಿಸ್ತು ಎಲ್ಲಿಂದ ಬಂತೋ? ನಿನ್ನ ಹಾಗೆ ಅದೇನು ಅಚ್ಚುಕೂಟದಲ್ಲಿ ಕೆಲಸ ಮಾಡಿದೆಯಾ? ನೀನು ತಿದ್ದಿದೀಯ."

ಅಕ್ಕ ಹಾಳೆಯನ್ನು ಎದೆಯ ಮೇಲೆ ಇಟ್ಟುಕೊಂಡು ಸೂರು ನೋಡಿದಳು.

"ನಿನಗೆ ಏಳು ವರ್ಷ, ನನಗೆ ಹದಿನೈದು. ನನಗೆ ಜ್ವರ. ಅಮ್ಮ ಜ್ವರದ ಕಡ್ಡಿ ನೋಡ್ಕೊಂಡು ಬಾ ಅಂತ ನಿನ್ನ ಕಳಿಸಿದ್ಲು. ನೂರಾ ಮೂರು ಇತ್ತು. ನೀನು ಹೋಗಿ ತೊಂಬತ್ತೊಂಬತ್ತು ಅಂದೆ. ಯಾಕಂದೆ?"

"ನಿನ್ನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ ಎಂದು."

"ಆಮೇಲೆ ಏನಾಯ್ತು?"

ಸಂಜೆಗೆ ಅವಳ ಪ್ರಜ್ಞೆ ತಪ್ಪಿತ್ತು. ಅರವತ್ತಾರು ವರ್ಷ ನಾವಿಬ್ಬರೂ ಈ ಮಾತು ಎತ್ತಿರಲಿಲ್ಲ. ಅವಳಿಗೆ ಗೊತ್ತಿತ್ತೆಂಬುದೇ ನನಗೆ ಗೊತ್ತಿರಲಿಲ್ಲ.

"ನಿಜವಾಗಿ ಎಷ್ಟೆಷ್ಟು ಕಂಡಿದ್ದು, ಈಗ ಬರಿ," ಎಂದಳು.

ಹದಿನಾರನೆಯ ದಿನ ಇಪ್ಪತ್ತೊಂದು. ಹದಿನೆಂಟನೆಯ ದಿನ ಇಪ್ಪತ್ಮೂರು. ಇಪ್ಪತ್ತನೆಯ ದಿನ, ಅಂದರೆ ನಿನ್ನೆ, ಇಪ್ಪತ್ತೈದು. ಇಟ್ಟೆ. ಅವುಗಳ ಮೇಲೆ ಅಡಿಕೋಲು ಇಟ್ಟು ಗೆರೆ ಎಳೆದೆ. ಪಟ್ಟಿ ಜಾರಿದ್ದರೆ ಹಳೆಯ ಗೆರೆಯ ಪಕ್ಕದಲ್ಲಿ, ಒಂದು ಚೌಕದ ಅಂತರದಲ್ಲಿ, ಅದರದೇ ಓರೆಯಲ್ಲಿ ಇದು ಸಾಗಬೇಕಿತ್ತು. ಹಾಗೆ ಸಾಗಲಿಲ್ಲ. ಹದಿನಾಲ್ಕನೆಯ ದಿನ ಎರಡೂ ಒಂದೇ ಚುಕ್ಕೆಯಲ್ಲಿ ಕೂಡಿ, ಅಲ್ಲಿಂದ ಕತ್ತರಿಯ ಬಾಯಿಯಂತೆ ಅಗಲಿಹೋದವು. ಹೊಸ ಗೆರೆಯನ್ನು ಹಿಂದಕ್ಕೆಳೆದು ನೋಡಿದರೆ ಅದರ ನೆಲೆ ಕೇವಲ ಐದು, ಓರೆ ಒಂದು. ಮೊದಲಿನದರ ಇಮ್ಮಡಿ. ತಗ್ಗಿನಿಂದ ಹೊರಟದ್ದೇ ಕಡಿದಾಗಿ ಏರುತ್ತಿತ್ತು. ದೊಡ್ಡ ಬಿರುಕಿನ ಎತ್ತರವನ್ನು ಅದು ಮುಟ್ಟುವುದು ಎಂಬತ್ತೈದನೆಯ ದಿನ. ಜುಲೈ ಅಲ್ಲ, ಏಪ್ರಿಲ್. ಅಷ್ಟರವರೆಗೆ ಗೋಡೆ ಕಾಯುವುದೇ ಎಂಬುದು ಬೇರೆ ಪ್ರಶ್ನೆ.

"ಅಂದ್ರೆ?" ಎಂದಳು ಅಕ್ಕ.

"ಪಟ್ಟಿ ಜಾರಿಲ್ಲ ಅಕ್ಕ. ಗೋಡೆಯೇ ಓಡುತ್ತಿದೆ."

"ಕೆಳಗೆ ನಾಲ್ಕು ಜನ ಹೆಣ್ಣುಮಕ್ಕಳು ಕೂತಿದಾರಲ್ಲೋ."

"ನಿನ್ನನ್ನು ಏಳು ತಾಸಿನ ಆಚೆಗೆ ಒಯ್ಯುತ್ತಾರೆ. ನಿನ್ನ ದೇಹಕ್ಕೆ ಅದು ಆಗದು. ಅದಕ್ಕಾಗಿ ನಾನು..."

"ನನ್ನ ನೆಪ ಮಾಡ್ಬೇಡ! ನನ್ನ ಕೇಳಿದ್ಯಾ? ಮೂರು ವರ್ಷದಿಂದ ಈ ಸೂರು ನೋಡ್ತಾ ಬಿದ್ದಿದೀನಿ. ಅದರಲ್ಲಿರೋ ಕಲೆಗಳಿಗೆಲ್ಲಾ ಹೆಸರಿಟ್ಟಾಯ್ತು. ನನ್ನ ಮಗಳ ಮನೇಲಿ ಮಂಚ ಕಿಟಕಿ ಪಕ್ಕ ಇದೆಯಂತೆ. ಅವಳು ನನಗೂ ಫೋನ್ ಮಾಡ್ತಾಳೆ, ಗೊತ್ತಾ? ನೀನು ಬೇಜಾರಾಗ್ತೀಯ ಅಂತ ನಾನೇ ಬಾಯಿ ಬಿಟ್ಟಿರಲಿಲ್ಲ." ಫೋನಿನ ಕಡೆ ಬೆರಳು ತೋರಿಸಿ, "ಫೋನ್ ಮಾಡು ಪುಟ್ಟ," ಎಂದಳು.

ಮಾಡಿದೆ. ಇಂಜಿನಿಯರ್ ಮುಕ್ಕಾಲು ತಾಸಿನಲ್ಲಿ ಬಂದಳು. ಪಟ್ಟಿಯ ಎದುರು ನಿಂತು, ಒಂದು ಕಣ್ಣು ಮುಚ್ಚಿ, "ಇಪ್ಪತ್ತಾರು," ಎಂದಳು. ಹೊಸ ಗೆರೆ ಹೇಳಿದ್ದೂ ಅದನ್ನೇ. ಹಾಳೆಯನ್ನು ಕೈಗೆ ಕೊಟ್ಟೆ. ಎರಡೂ ಗೆರೆಗಳನ್ನು ನೋಡಿದಳು.

"ಇದು ಕಂಡಿದ್ದು. ಮತ್ತೆ ಇದು?"

"ತಿದ್ದಿದ್ದು."

"ಯಾಕೆ?"

ನಲವತ್ತೊಂದು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಉತ್ತರಕ್ಕೆ ಅವಳು ಕಾಯಲೂ ಇಲ್ಲ. ಮೆಟ್ಟಿಲಿಳಿಯುತ್ತ ಬಾಗಿಲು ಬಾಗಿಲನ್ನು ಬಡಿಯತೊಡಗಿದ್ದಳು.

ಅಕ್ಕನನ್ನು ಮರದ ಕುರ್ಚಿಗೆ ಸೀರೆಯಿಂದ ಕಟ್ಟಿ, ದರ್ಜಿಯೂ ಇನ್ನಿಬ್ಬರೂ ಹೊತ್ತರು. ಹಾರುವ ಕುರ್ಚಿಯ ಮೇಲೆ ಆಕೆ ಊರಿಗೆಲ್ಲ ಯಜಮಾನಿಯಂತೆ ಆಜ್ಞೆ ಕೊಡುತ್ತಿದ್ದಳು: "ಎಡಕ್ಕೆ, ಎಡಕ್ಕೆ! ಮದುಮಗಳನ್ನ ಹೀಗಾ ಹೊರೋದು?" ನಾನು ಹತ್ತು ಮೆಟ್ಟಿಲು ನಿಂತು ಇಳಿದೆ, ಉಳಿದ ಅರವತ್ತಾರನ್ನು ಕೂಸಿನಂತೆ ಕುಳಿತು, ಒಂದೊಂದಾಗಿ. ಮೂರನೆಯ ಅಂತಸ್ತಿನಲ್ಲಿ ಆ ನಾಲ್ವರು ಹೆಂಗಸರು ಮೆಷಿನುಗಳ ಮೇಲೆ ಬಟ್ಟೆ ಹೊದಿಸುತ್ತಿದ್ದರು. ಒಬ್ಬಳು ನನ್ನ ಕಂಕುಳಿಗೆ ಕೈ ಕೊಟ್ಟು, "ನಿಧಾನ ಅಜ್ಜ," ಎಂದಳು. ನೀರು ಕುಡಿಯಲೆಂದು ಎದ್ದವಳು ಅವಳೇ ಏನೋ. ಕೇಳುವ ಧೈರ್ಯವಾಗಲಿಲ್ಲ.

ದರ್ಜಿಗೆ ವಿಷಯ ತಿಳಿದಿದೆ. ಬೀದಿಯಲ್ಲಿ ನನ್ನ ಊರುಗೋಲನ್ನು ಕೈಗೆ ಕೊಟ್ಟು ಹೋದ. ತಮಾಷೆ ಮಾಡಲಿಲ್ಲ. ಯಜಮಾನ್ರೇ ಎನ್ನಲಿಲ್ಲ.

ಅಕ್ಕ ಆಕಾಶ ನೋಡುತ್ತ, "ಎಷ್ಟು ದೊಡ್ಡ ಸೂರೋ!" ಎಂದಳು.

ಮಾರ್ಚ್ ೧

ಅಕ್ಕ ಮಗಳ ಮನೆಗೆ ಹೋದಳು.

ಮಾರ್ಚ್ ೬

ಹಿರಿಯರ ವಸತಿ. ಕೋಣೆ ನೆಲದ ಅಂತಸ್ತಿನಲ್ಲಿದೆ. ಉದ್ದ ಏಳು ಹೆಜ್ಜೆ, ಅಗಲ ಐದು. ಗೋಡೆಗಳನ್ನು ಕೈಯಿಂದ ತಡವಿ ನೋಡಿದೆ, ಎಲ್ಲಿಯೂ ಬಿರುಕಿಲ್ಲ. ಐದು ಗಂಟೆಗೆ ಹೊರಬಾಗಿಲು ಹಾಕುತ್ತಾರೆ. ಪಕ್ಕದ ಮಂಚದ ನಿವೃತ್ತ ಗಡಿಯಾರದವನು ಹಗಲೆಲ್ಲ ನಿದ್ರಿಸುತ್ತಾನೆ. ಎದ್ದಾಗ ಗಂಟೆ ಎಷ್ಟೆಂದು ನನ್ನನ್ನು ಕೇಳುತ್ತಾನೆ. ಪ್ರಾರ್ಥನೆಗೆ ಮೂಲೆಯೊಂದನ್ನು ಮಾಡಿಕೊಂಡಿದ್ದೇನೆ. ಅದರ ಉತ್ತರಾರ್ಧದ ಹೊತ್ತಿಗೆ ಕೈಗೆ ಏನೂ ಕೆಲಸವಿರುವುದಿಲ್ಲ.

ಇಂಜಿನಿಯರ್ ಫೋನು ಮಾಡಿದ್ದಳು. ಊರುಗೋಲುಗಳನ್ನು ಅವಸರದಿಂದ ತರಿಸಿ ನಿಲ್ಲಿಸಿದ್ದಾರೆ. "ಗಾರೆ ತೆಗೆದ್ವಿ ಸರ್. ಮೂರನೇ ಅಂತಸ್ತಿನ ಹತ್ರ ಇಟ್ಟಿಗೆ ಒಂದಕ್ಕೊಂದು ಹಿಡ್ಕೊಂಡೇ ಇರಲಿಲ್ಲ. ಇನ್ನೊಂದು ವಾರ ಹೋಗಿದ್ರೆ..." ಅಲ್ಲಿಗೆ ನಿಲ್ಲಿಸಿದಳು. ನಾನೂ ಆ ವಾಕ್ಯವನ್ನು ತುಂಬಲಿಲ್ಲ.

ಮಾರ್ಚ್ ೮

ಅಕ್ಕನ ಫೋನು. ಧ್ವನಿ ಹತ್ತು ವರ್ಷ ಚಿಕ್ಕದಾಗಿದೆ. ಕಿಟಕಿಯಾಚೆ ಒಂದು ಬಸ್ ನಿಲ್ದಾಣವಿದೆಯಂತೆ. ಯಾರು ಯಾರಿಗಾಗಿ ಕಾಯುತ್ತಾರೆಂಬ ಕಥೆಯೆಲ್ಲ ಅವಳಿಗೆ ಈಗಾಗಲೇ ಗೊತ್ತು.

"ನೀನು ನಡೀತಿದೀಯಾ?"

"ಎಲ್ಲಿಗೆ ನಡೆಯಲಿ?"

"ಓಣಿ ಇರುತ್ತಲ್ಲ ಅಲ್ಲಿ, ಕೋಣೆಗಳ ಮುಂದೆ. ಮೊಣಕಾಲು ಕೂತಲ್ಲೇ ತುಕ್ಕು ಹಿಡಿಯುತ್ತೆ. ದಿನ ಬಿಟ್ಟು ದಿನ ಎಷ್ಟು ಹೆಜ್ಜೆ ಆಯ್ತು ಅಂತ ನನಗೆ ಹೇಳ್ಬೇಕು. ನಾನಿಲ್ಲಿ ಚುಕ್ಕೆ ಇಡ್ತೀನಿ. ಮೊಮ್ಮಗಳ ಚೌಕಳಿ ಪುಸ್ತಕ ಕಸ್ಕೊಂಡಿದೀನಿ."

ಇಂದು ಊರುಗೋಲಿಲ್ಲದೆ ಮೂವತ್ತು.

ಮಾರ್ಚ್ ೧೪

ಮೂವತ್ತು, ಮೂವತ್ನಾಲ್ಕು, ಮೂವತ್ತೆಂಟು. ನೆಲೆ ಮೂವತ್ತು, ದಿನಕ್ಕೆ ಎರಡರ ಓರೆ. ಇಂದು ನಲವತ್ತೆರಡಾಗಬೇಕಿತ್ತು.

ಓಣಿಯ ಕೊನೆಯಲ್ಲಿ ಊಟದ ವೇಳೆಯ ಫಲಕವಿದೆ. ಅದರಲ್ಲಿ ಒಂದು ತಪ್ಪಿದೆ, ಬಂದ ದಿನವೇ ಕಂಡಿದ್ದೆ. ಕೆಂಪು ಲೇಖನಿ ಯಾವ ಪೆಟ್ಟಿಗೆಯಲ್ಲಿ ಉಳಿಯಿತೋ ತಿಳಿಯದು. ಆ ಫಲಕದವರೆಗೆ ಮುಟ್ಟಿದರೆ ನಲವತ್ತೆರಡು. ಮುಟ್ಟಲಿಲ್ಲ. ಮೊಣಕಾಲು ನಡುವೆಯೇ ಮಡಚಿ, ಗೋಡೆ ಹಿಡಿದು ನಿಂತೆ. ಗಟ್ಟಿ ಗೋಡೆ.

ಹನ್ನೊಂದಕ್ಕೆ ಸರಿಯಾಗಿ ಅಕ್ಕ ಫೋನು ಮಾಡಿದಳು. "ಪೆನ್ಸಿಲ್ ಹಿಡ್ಕೊಂಡು ಕೂತಿದೀನಿ. ಹೇಳು, ಎಷ್ಟು?"

ಫೋನಿನ ಆ ತುದಿಯಲ್ಲಿ ಬಸ್ಸೊಂದು ನಿಂತು ಹೊರಟ ಸದ್ದು ಕೇಳಿಸಿತು.

"ಮೂವತ್ತಾರು," ಎಂದೆ.

"ಇಳೀತಲ್ಲೋ!"

"ಇಳಿಯಿತು."

ಪೆನ್ಸಿಲು ಕಾಗದದ ಮೇಲೆ ಕುಟ್ಟಿದ ಸಪ್ಪಳ. "ಇಟ್ಟೆ," ಎಂದಳು ಅಕ್ಕ. "ಸೊಟ್ಟಗಾಯ್ತು. ನಾಡಿದ್ದು ಮತ್ತೆ ಮಾಡ್ತೀನಿ, ಎದ್ದಿರು."